ಡೈನಾಮಿಕ್ ಬ್ಲಾಕ್‌ನ ನಕಲನ್ನು ಸ್ವತಂತ್ರಗೊಳಿಸುವ ಬಗೆ

ನಮಸ್ಕಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯೊಂದರ ನಕ್ಷೆಯನ್ನು ಆಟೋಕ್ಯಾಡ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದಲ್ಲಿ ಮಾಡುವಾಗ, ಬಾಗಿಲಿನ ಡೈನಾಮಿಕ್ ಬ್ಲಾಕನ್ನು (ಅಳತೆ, ಆಕಾರ ಹೊಂದಿಸಬಹುದಾದ, ಮತ್ತೆ ಮತ್ತೆ ಬಳಸುವ ಚಿತ್ರಭಾಗವನ್ನು) ಕಾಪಿ ಮಾಡಿ, ಒಂದನ್ನು ಬ್ಲಾಕ್ ಎಡಿಟರ್‌ನಲ್ಲಿ (ಬ್ಲಾಕ್‌ನ ಮೂಲ ರೂಪವನ್ನೇ ತಿದ್ದುವ ಕಿಟಕಿಯಲ್ಲಿ) ತಿದ್ದಿದರೆ ಉಳಿದವೂ ಬದಲಾಗುತ್ತವೆ ಎಂದು ಬರೆದಿದ್ದೀರಿ.

ಆಟೋಕ್ಯಾಡ್‌ನ ಕಾಪಿ ಆಜ್ಞೆಯು ಬ್ಲಾಕ್‌ನ ಮೂಲ ವ್ಯಾಖ್ಯೆಯನ್ನು ನಕಲಿಸುವುದಿಲ್ಲ. ಅದೇ ವ್ಯಾಖ್ಯೆಯನ್ನು ಆಶ್ರಯಿಸಿದ ಇನ್ನೊಂದು ಪ್ರತಿಯನ್ನಷ್ಟೇ ಇರಿಸುತ್ತದೆ. ಆದ್ದರಿಂದ ಬಾಗಿಲಿನ ಅಗಲವನ್ನು 900 ಮಿ.ಮೀ.ನಿಂದ 750 ಮಿ.ಮೀ.ಗೆ ಇಳಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದು, ಬ್ಲಾಕ್‌ನಲ್ಲಿ ಆ ಅಳತೆಗೆ ಪ್ಯಾರಾಮೀಟರ್ (ಅದನ್ನು ಬದಲಿಸಲು ಬಿಡುವ ಏರ್ಪಾಡು) ಇದ್ದರೆ, ಎಡಿಟರ್ ತೆರೆಯದೆ ಆ ಪ್ರತಿಯ ಗ್ರಿಪ್ಪನ್ನು (ಅದನ್ನು ಆರಿಸಿದಾಗ ಕಾಣುವ ಹಿಡಿಗುರುತನ್ನು) ಎಳೆಯಿರಿ ಅಥವಾ ಪ್ರಾಪರ್ಟೀಸ್ ಫಲಕದಲ್ಲಿ ಅಳತೆಯನ್ನು ಬದಲಿಸಿ. ಬದಲಾವಣೆ ಅದೊಂದಕ್ಕೇ ಸೀಮಿತವಾಗಿರುತ್ತದೆ.

ವಿನ್ಯಾಸವೇ ಬೇರೆಯಾಗಬೇಕೆಂದರೆ, ಬ್ಲಾಕನ್ನು ಎಡಿಟರ್‌ನಲ್ಲಿ ತೆರೆದು, ಒಂದು ಗೆರೆಯನ್ನೂ ಮುಟ್ಟುವ ಮೊದಲೇ ‘ಸೇವ್ ಬ್ಲಾಕ್ ಆ್ಯಸ್’ ಮೂಲಕ ಹೊಸ ಹೆಸರಿನಲ್ಲಿ ಉಳಿಸಿ, ಅನಂತರ ತಿದ್ದಿರಿ. ಪ್ಯಾರಾಮೀಟರ್‌ಗಳೂ ಆ್ಯಕ್ಷನ್‌ಗಳೂ (ಅವು ಬದಲಾದಾಗ ಆಕಾರ ಹೇಗೆ ಬದಲಾಗಬೇಕೆಂಬ ಸೂಚನೆಗಳು) ಎಲ್ಲವೂ ಹೊಸ ಬ್ಲಾಕ್‌ಗೆ ಬರುತ್ತವೆ. ಆದರೆ ನಕ್ಷೆಯಲ್ಲಿ ಈಗಾಗಲೇ ಇರುವ ಬಾಗಿಲುಗಳು ಹಳೆಯ ಹೆಸರಿಗೇ ಸೇರಿರುವುದರಿಂದ, ಬೇಕಾದಲ್ಲಿ ಅವುಗಳನ್ನು ಅಳಿಸಿ ಹೊಸದನ್ನು ಇನ್ಸರ್ಟ್ ಮಾಡಬೇಕು. ಎಕ್ಸ್‌ಪ್ಲೋಡ್ ಮಾಡಿ (ಬ್ಲಾಕನ್ನು ಬಿಡಿ ಗೆರೆಗಳಾಗಿ ಒಡೆದು) ಮತ್ತೆ ಬ್ಲಾಕ್ ಕಟ್ಟುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಅದರಿಂದ ಡೈನಾಮಿಕ್ ಗುಣಗಳೆಲ್ಲ ನಷ್ಟವಾಗುತ್ತವೆ.

ಬಾಗಿಲಿನೊಳಗೆ ಹಿಡಿಕೆಯಂಥ ಒಳಬ್ಲಾಕ್ ಇದ್ದರೆ, ಹೊರಗಿನದಕ್ಕೆ ಹೊಸ ಹೆಸರು ಕೊಟ್ಟರೂ ಆ ಒಳಬ್ಲಾಕ್ ಹಳೆಯ, ಹೊಸ ಬಾಗಿಲುಗಳೆರಡಕ್ಕೂ ಸಮಾನವಾಗಿಯೇ ಉಳಿಯುತ್ತದೆ. ಅದನ್ನೂ ಇದೇ ರೀತಿ ಬೇರೆ ಹೆಸರಿನಲ್ಲಿ ಉಳಿಸಿ, ಹೊಸ ಬಾಗಿಲಿನಲ್ಲಿ ಹಳೆಯದರ ಬದಲಿಗೆ ಇರಿಸಿ.