ಮಾರ್ಚ್ ಬಂತು, ಮ್ಯಾಟ್ ನೋಡೋದಾ ಬ್ಯಾಸ್ಕೆಟ್ ನೋಡೋದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಂಎಸ್ ಓದುತ್ತಿದ್ದಾಳೆ. ಮಾರ್ಚ್ ಬಂತೆಂದರೆ ಫೋನಿನಲ್ಲಿ ಬರೀ ಬ್ಯಾಸ್ಕೆಟ್‌ಬಾಲ್, ಕುಸ್ತಿ ಇದೇ ಮಾತು. ನಮ್ಮ ಯಜಮಾನರು ಗರಡಿಯಲ್ಲಿ ಬೆಳೆದವರು, ಅವರಿಗೂ ನೋಡುವ ಆಸೆ. ಆದರೆ ಎರಡೂ ಒಂದೇ ವಾರ ನಡೆಯುತ್ತವಂತೆ. ಯಾವುದು ನೋಡಬೇಕು, ಏನನ್ನು ನೋಡಬೇಕು ತಿಳಿಯುತ್ತಿಲ್ಲ. (ಗೃಹಿಣಿ, ದಾವಣಗೆರೆ)

ಉತ್ತರ: ಎರಡನ್ನೂ ನೋಡಿ, ಆದರೆ ಮನಸ್ಸು ಕುಸ್ತಿಯ ಕಡೆ ಇರಲಿ. ಅದರಲ್ಲೂ ಸೋತವರ ಕುಸ್ತಿಯನ್ನು ತಪ್ಪಿಸಬೇಡಿ.

ಯಾಕೆ ಹೇಳುತ್ತೇನೆ ಕೇಳಿ. ಎರಡೂ ಅಮೆರಿಕದ ಕಾಲೇಜುಗಳ ನಡುವಿನ ರಾಷ್ಟ್ರೀಯ ಟೂರ್ನಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪುರುಷರದ್ದು 68 ತಂಡ, ಮಹಿಳೆಯರದ್ದು 68 ತಂಡ. ಒಂದು ಪಂದ್ಯ ಸೋತರೆ ಮುಗಿಯಿತು, ಬ್ಯಾಗ್ ಕಟ್ಟಿಕೊಂಡು ಮನೆಗೆ. ನವೆಂಬರಿನಿಂದ ಆಡಿದ್ದೆಲ್ಲ ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಕುಸ್ತಿ ಹಾಗಲ್ಲ. 125 ಪೌಂಡಿನಿಂದ 285 ಪೌಂಡಿನವರೆಗೆ 10 ತೂಕ, ಒಂದೊಂದು ತೂಕಕ್ಕೂ 33 ಪೈಲ್ವಾನರು, ಒಟ್ಟು 330 ಜನ, ಮೂರು ದಿನ. ಒಮ್ಮೆ ಸೋತವನು ಕೆಳಗಿನ ಸುತ್ತಿಗೆ ಇಳಿಯುತ್ತಾನೆ. ಅಲ್ಲಿ ಗೆಲ್ಲುತ್ತಾ ಹೋದರೆ ಮೂರನೇ ಸ್ಥಾನದವರೆಗೂ ಬರಬಹುದು. ಎರಡನೇ ಸಲ ಸೋತರೆ ಮಾತ್ರ ಬಾಗಿಲು ಮುಚ್ಚುತ್ತದೆ. ಮೊದಲ ಎಂಟು ಸ್ಥಾನದವರಿಗೆ ಆಲ್ ಅಮೆರಿಕನ್ ಅನ್ನುವ ಗೌರವ, ಅದು ಅಲ್ಲಿ ಜೀವನಪೂರ್ತಿ ಹೆಸರಿನ ಜೊತೆ ಉಳಿಯುತ್ತದೆ.

ಕೆಳಗಿನ ಸುತ್ತಿನ ಗೆಲುವಿನಿಂದಲೂ ಕಾಲೇಜಿಗೆ ಅಂಕ ಬರುತ್ತದೆ. ಮೇಲಿನ ಸುತ್ತಿನಲ್ಲಿ ಗೆದ್ದು ಮುಂದೆ ಹೋದರೆ 1 ಅಂಕ, ಕೆಳಗೆ ಗೆದ್ದರೆ ಅರ್ಧ ಅಂಕ, ಎದುರಾಳಿಯನ್ನು ಚಿತ್ ಮಾಡಿದರೆ ಎಲ್ಲಿದ್ದರೂ 2 ಅಂಕ ಜಾಸ್ತಿ. ಹತ್ತು ಜನರ ಅಂಕ ಕೂಡಿಸಿದರೆ ತಂಡದ ಲೆಕ್ಕ. ಮೊದಲ ದಿನವೇ ಸೋತು, ಚಾಂಪಿಯನ್ ಆಗುವ ಕನಸು ಕಳೆದುಕೊಂಡ ಹುಡುಗ ಮಾರನೇ ದಿನ ಬೆಳಗ್ಗೆ ಎದ್ದು, ಮತ್ತೆ ತೂಕ ಕೊಟ್ಟು, ಆ ಅರ್ಧ ಅಂಕಕ್ಕಾಗಿ ಮ್ಯಾಟಿಗೆ ಇಳಿಯುತ್ತಾನಲ್ಲ, ತಂಡ ಎಂಥದ್ದು ಅಂತ ಗೊತ್ತಾಗೋದು ಅಲ್ಲೇ. ಟಿವಿಯವರು ಫೈನಲ್‌ನ ದೀಪ, ಧೂಪ, ಅಬ್ಬರ ತೋರಿಸುತ್ತಾರೆ. ನೀವು ಶುಕ್ರವಾರ ರಾತ್ರಿಯ ಕೆಳಗಿನ ಸುತ್ತನ್ನು ಹುಡುಕಿಕೊಂಡು ನೋಡಿ. ಒಬ್ಬೊಬ್ಬ ಹುಡುಗನ ಮುಖ ನೋಡಿದರೆ ಗೊತ್ತಾಗುತ್ತದೆ, ಇದು ಗೆದ್ದರೆ ಎಂಟರೊಳಗೆ, ಸೋತರೆ ಏನೂ ಇಲ್ಲ.

ನಿಮ್ಮ ಮಗಳ ಕಾಲೇಜಿನದ್ದೇ ಒಂದು ವಾರ ಹೇಳುತ್ತೇನೆ. 2023ರ ಮಾರ್ಚ್ 16, ಗುರುವಾರ. ಅಯೋವಾದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ಮೊದಲ ಸುತ್ತಿನಲ್ಲೇ ಆಬರ್ನ್ ಎದುರು 83-75ರಿಂದ ಸೋತು ಹೊರಬಿತ್ತು. ಮಾರನೇ ದಿನ ಮಹಿಳೆಯರ ತಂಡ ತವರಿನಲ್ಲೇ ಸೌತ್‌ಈಸ್ಟರ್ನ್ ಲೂಸಿಯಾನವನ್ನು 95-43ರಿಂದ ಸೋಲಿಸಿತು. ಅದೇ ರಾತ್ರಿ ಟಲ್ಸಾ ಊರಿನಲ್ಲಿ ಕುಸ್ತಿ ಸೆಮಿಫೈನಲ್. 125 ಪೌಂಡಿನಲ್ಲಿ ಅಯೋವಾದ ಸ್ಪೆನ್ಸರ್ ಲೀ. ಮೂರು ಸಲದ ಚಾಂಪಿಯನ್. ನಾಲ್ಕನೇದು ಗೆದ್ದಿದ್ದರೆ ಆ ಕಾಲೇಜಿನ ಇತಿಹಾಸದಲ್ಲೇ ಮೊದಲಿಗ. ಎದುರಿಗೆ ಪರ್ಡ್ಯೂನ ಮ್ಯಾಟ್ ರಾಮೋಸ್. ಏಳು ನಿಮಿಷದ ಕುಸ್ತಿ ಇನ್ನೇನು ಮುಗಿಯಬೇಕು, ಒಂದೇ ಸೆಕೆಂಡು ಬಾಕಿ ಇರುವಾಗ ರಾಮೋಸ್ ಲೀಯ ಬೆನ್ನನ್ನು ಮ್ಯಾಟಿಗೆ ತಾಗಿಸಿಬಿಟ್ಟ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಲೀ ಮತ್ತೆ ಕುಸ್ತಿಗೆ ಇಳಿಯಲಿಲ್ಲ, ವೈದ್ಯಕೀಯ ಕಾರಣದಿಂದ ಹಿಂದೆ ಸರಿದು 6ನೇ ಸ್ಥಾನಕ್ಕೆ ನಿಂತರು. ಅದಕ್ಕೆ ಅವರನ್ನು ದೂರಿದವರೂ ಇದ್ದಾರೆ. ನಾನು ದೂರೋದಿಲ್ಲ. ಎರಡು ವರ್ಷ ಹಿಂದೆ, 2021ರಲ್ಲಿ, ಎರಡೂ ಮಂಡಿಯ ಲಿಗಮೆಂಟ್ ಹರಿದಿದ್ದಾಗಲೇ ಅವರು ಕಾಲೇಜಿಗೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟಿದ್ದರು. ಅಂಥವರಿಗೆ ಧೈರ್ಯದ ಪಾಠ ಹೇಳೋಕೆ ನಾವ್ಯಾರು? ಆದರೆ ಅವರಿಲ್ಲದ ಆ ಶನಿವಾರವೂ ಉಳಿದ ಹುಡುಗರು ಅಂಕ ಕೂಡಿಸುತ್ತಲೇ ಹೋದರು, ಅಯೋವಾ ಪೆನ್ ಸ್ಟೇಟ್ ನಂತರ ಎರಡನೇ ಸ್ಥಾನದಲ್ಲಿ ಮುಗಿಸಿತು.

ಯಜಮಾನರಿಗೆ ಇದನ್ನೂ ಹೇಳಿ. ಅದೇ ಸ್ಪೆನ್ಸರ್ ಲೀ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 57 ಕೆ.ಜಿ.ಯಲ್ಲಿ ಬೆಳ್ಳಿ ಗೆದ್ದರು. ಚಿನ್ನ ಜಪಾನಿನ ರೇ ಹಿಗುಚಿಗೆ. ಕಂಚು ಗೆದ್ದವರಲ್ಲಿ ಒಬ್ಬರು ನಮ್ಮ ಅಮನ್ ಸೆಹ್ರಾವತ್. ಅಮನ್ ಕಂಚಿಗಾಗಿ ಸೋಲಿಸಿದ ಪೋರ್ಟೊ ರಿಕೊದ ಡೇರಿಯನ್ ಕ್ರೂಜ್ ಕೂಡ ಇದೇ ಕಾಲೇಜು ಕುಸ್ತಿಯಿಂದ ಬಂದವರು, 2017ರಲ್ಲಿ ಲೀಹೈ ವಿಶ್ವವಿದ್ಯಾಲಯಕ್ಕೆ ಚಾಂಪಿಯನ್ ಆಗಿದ್ದವರು.

ನಿಯಮದಲ್ಲಿ ಒಂದು ವಿಷಯ ಯಜಮಾನರಿಗೆ ಹೊಸದು ಅನಿಸಬಹುದು. ನಾಡಕುಸ್ತಿಯಲ್ಲಿ ಚಿತ್ ಆಗುವವರೆಗೆ ಮೇಲೆ ಕೂತವನಿಗೆ ಏನೂ ಸಿಗೋದಿಲ್ಲ, ಅಲ್ವಾ? ಅಲ್ಲಿನ ಪುರುಷರ ಕಾಲೇಜು ಕುಸ್ತಿಗೆ ಫೋಕ್‌ಸ್ಟೈಲ್ ಅನ್ನುತ್ತಾರೆ. ಅದರಲ್ಲಿ ಎದುರಾಳಿಯನ್ನು ಅದುಮಿ ಹಿಡಿದ ಸಮಯಕ್ಕೂ ಬೆಲೆ ಇದೆ. ಅದನ್ನು ಅಳೆಯಲು ಬೇರೆಯೇ ಗಡಿಯಾರ. ಕೊನೆಗೆ ಒಬ್ಬನ ಹಿಡಿತ ಇನ್ನೊಬ್ಬನಿಗಿಂತ ಒಂದು ನಿಮಿಷ ಜಾಸ್ತಿ ಇದ್ದರೆ 1 ಅಂಕ. ಈಗ ಹೀಗೆ ಅಂದುಕೊಳ್ಳಿ. ಸ್ಕೋರು 3-2. ಹಿಂದೆ ಇರುವವನು ಮೇಲಿದ್ದಾನೆ. ಅವನ ಹಿಡಿತದ ಗಡಿಯಾರ 48 ಸೆಕೆಂಡು ತೋರಿಸುತ್ತಿದೆ, ಕುಸ್ತಿ ಮುಗಿಯಲು 20 ಸೆಕೆಂಡು ಇದೆ. ಕೆಳಗಿನವನು ಮಂಡಿಯೂರಿ ಏಳಲು ನೋಡುತ್ತಾನೆ, ಮೇಲಿನವನು ಅವನ ಹಿಮ್ಮಡಿ ಹಿಡಿದು ಮತ್ತೆ ಹೊಟ್ಟೆಯ ಮೇಲೆ ಮಲಗಿಸುತ್ತಾನೆ. ಇನ್ನು 12 ಸೆಕೆಂಡು ತಡೆದರೆ ಒಂದು ನಿಮಿಷ ತುಂಬುತ್ತದೆ, ಕೊನೆಯವರೆಗೂ ಬಿಡದಿದ್ದರೆ 3-3 ಸಮ, ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ. ಕೆಳಗಿನವನು ಬಿಡಿಸಿಕೊಂಡು ಎದ್ದರೆ ಅವನಿಗೇ 1 ಅಂಕ, ಕಥೆ ಮುಗಿಯಿತು. ಈ ಇಪ್ಪತ್ತು ಸೆಕೆಂಡು ನೋಡುವಾಗ ಗರಡಿಯಲ್ಲಿ ಬೆಳೆದವರು ಕುರ್ಚಿಯಲ್ಲಿ ಕೂತಿರಲಾರರು.

ಪ್ರಶ್ನೆ: ನನಗೆ ಬ್ಯಾಸ್ಕೆಟ್‌ಬಾಲ್ ಇಷ್ಟ. ಇಲ್ಲಿಂದ ನೋಡುವವರಿಗೆ ಸಮಯದ ಲೆಕ್ಕ ಹೇಳಿ. ಬ್ರಾಕೆಟ್ ತುಂಬಬೇಕಾ? (ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಮಾರ್ಚಿನ ಎರಡನೇ ಭಾನುವಾರ ಅವರು ಗಡಿಯಾರ ಮುಂದಕ್ಕೆ ಇಡುತ್ತಾರೆ. ಆಮೇಲೆ ಅಯೋವಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 7 ಅಂದರೆ ಇಲ್ಲಿ ಮರುದಿನ ಬೆಳಗ್ಗೆ 5.30. ಕಾಫಿ ಹಿಡಿದು ಕೂತರೆ ಆಯಿತು, ನಿದ್ದೆಗೆಡಬೇಕಾಗಿಲ್ಲ.

ಬ್ರಾಕೆಟ್ ಅಂದರೆ ಯಾವ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಊಹಿಸಿ ತುಂಬುವ ಪಟ್ಟಿ. ಅದನ್ನು ಸುಮ್ನೆ ಸ್ನೇಹಿತರ ಜೊತೆ ತುಂಬಿ, ದುಡ್ಡು ಕಟ್ಟಬೇಡಿ. 63 ಪಂದ್ಯದ ಫಲಿತಾಂಶ ಎಷ್ಟು ರೀತಿಯಲ್ಲಿ ಬರಬಹುದು ಅಂತ ಲೆಕ್ಕ ಹಾಕಿದರೆ 9ರ ಮುಂದೆ 18 ಸೊನ್ನೆ ಬರುತ್ತದೆ, ಇಂಜಿನಿಯರಿಂಗ್‌ನವರು ನೀವೇ ಹಾಕಿ ನೋಡಿ. 2018ರಲ್ಲಿ ತನ್ನ ವಿಭಾಗದ ಕೊನೆಯ, ಅಂದರೆ 16ನೇ ಶ್ರೇಯಾಂಕದ ಯುಎಂಬಿಸಿ ಅನ್ನುವ ಕಾಲೇಜು, ಅಗ್ರ ಶ್ರೇಯಾಂಕದ ವರ್ಜೀನಿಯಾವನ್ನು 20 ಪಾಯಿಂಟ್‌ನಿಂದ ಸೋಲಿಸಿತು. ಪುರುಷರ ಟೂರ್ನಿಯಲ್ಲಿ ಅದಕ್ಕೆ ಮೊದಲು ಹಾಗೆ ಆಗಿರಲೇ ಇಲ್ಲ.

ಪುರುಷರ ಪಂದ್ಯ ಮಾತ್ರ ನೋಡುತ್ತಿದ್ದರೆ ಮಹಿಳೆಯರದ್ದನ್ನೂ ನೋಡಿ. 2023ರ ಸೆಮಿಫೈನಲ್‌ನಲ್ಲಿ ಆ ವರ್ಷ ಒಂದೂ ಪಂದ್ಯ ಸೋಲದ ಸೌತ್ ಕೆರೊಲಿನಾವನ್ನು ಅಯೋವಾ 77-73ರಿಂದ ಸೋಲಿಸಿತು, ಕೇಟ್ಲಿನ್ ಕ್ಲಾರ್ಕ್ ಒಬ್ಬರೇ 41 ಪಾಯಿಂಟ್. ಫೈನಲ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್) ಎದುರು ಸೋಲು. ಮುಂದಿನ ವರ್ಷ ಮತ್ತೆ ಫೈನಲ್, ಮತ್ತೆ ಸೋಲು, ಈ ಸಲ ಅದೇ ಸೌತ್ ಕೆರೊಲಿನಾ 87-75. ಕಪ್ ಬರಲಿಲ್ಲ. ಆದರೆ ಕಾಲೇಜಿನಲ್ಲಿ ಒಟ್ಟು 3,951 ಪಾಯಿಂಟ್ ಗಳಿಸಿದ ಕ್ಲಾರ್ಕ್ ಆಡುವುದನ್ನು ನೋಡಲು 2023ರ ಅಕ್ಟೋಬರಿನಲ್ಲಿ, ಅದೂ ಒಂದು ಪ್ರದರ್ಶನ ಪಂದ್ಯಕ್ಕೆ, ಫುಟ್‌ಬಾಲ್ ಕ್ರೀಡಾಂಗಣದಲ್ಲಿ 55,646 ಜನ ಸೇರಿದ್ದರು.

ಪ್ರಶ್ನೆ: ಅಯೋವಾದಲ್ಲೇ ಕುಸ್ತಿಗೆ ಅಷ್ಟು ಹುಚ್ಚು ಯಾಕೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಆ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಲೀಗ್‌ಗಳ ತಂಡವೇ ಇಲ್ಲ ಸರ್. ಜನರ ಪ್ರೀತಿಯೆಲ್ಲ ಕಾಲೇಜು ತಂಡಕ್ಕೆ. ಅದರ ಮೇಲೆ ಡ್ಯಾನ್ ಗೇಬಲ್ ಅನ್ನುವ ಒಬ್ಬ ಉಸ್ತಾದ್ ಸಿಕ್ಕರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದವರು. ಅವರು 21 ವರ್ಷ ತರಬೇತಿ ಕೊಟ್ಟರು, 15 ರಾಷ್ಟ್ರೀಯ ಪ್ರಶಸ್ತಿ ಬಂದವು. 2015ರಲ್ಲಿ ಬಯಲು ಕ್ರೀಡಾಂಗಣದಲ್ಲಿ ಒಕ್ಲಹೋಮಾ ಸ್ಟೇಟ್ ಜೊತೆ ಕುಸ್ತಿ ಇಟ್ಟಾಗ 42,287 ಜನ ಬಂದಿದ್ದರು. ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನೇ ನೋಡಲು ಹೋಗುವ ನಿಮ್ಮ ಊರಿನವರಿಗೆ ಈ ಹುಚ್ಚು ಅರ್ಥವಾಗುತ್ತದೆ. ಈಗ ಮಾತ್ರ ಕಾಲ ಪೆನ್ ಸ್ಟೇಟ್‌ನದ್ದು, ಕೇಲ್ ಸ್ಯಾಂಡರ್ಸನ್ ಅಲ್ಲಿನ ಕೋಚ್. ಕಾಲೇಜಿನಲ್ಲಿ 159 ಕುಸ್ತಿ ಆಡಿ ಒಂದನ್ನೂ ಸೋಲದವರು.

ಪ್ರಶ್ನೆ: ನಮ್ಮ ಅಕ್ಕನ ಮಗ ಅಂತರ ಕಾಲೇಜು ಕುಸ್ತಿಗೆ ತಯಾರಾಗುತ್ತಿದ್ದಾನೆ. ತೂಕ ಇಳಿಸಲು ಎರಡು ದಿನ ನೀರೂ ಕುಡಿಯದೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಓಡುತ್ತಾನೆ. ಅಮೆರಿಕದಲ್ಲೂ ಹೀಗೇ ಮಾಡುತ್ತಾರೆ ಅನ್ನುತ್ತಾನೆ. ನಿಜವೇ? (ಸೋದರಮಾವ, ಧಾರವಾಡ)

ಉತ್ತರ: ದಯವಿಟ್ಟು ಇದನ್ನು ಇವತ್ತೇ ಅವನಿಗೆ ಓದಿ ಹೇಳಿ. 1997ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಪೈಲ್ವಾನರು ಹೀಗೆ ತೂಕ ಇಳಿಸಲು ಹೋಗಿ ಸತ್ತರು. ಮೂರು ಬೇರೆ ಬೇರೆ ಕಾಲೇಜು. ಬಿಸಿ ಕೋಣೆ, ಬೆವರಿಳಿಸುವ ದಪ್ಪ ಬಟ್ಟೆ, ನೀರಿಲ್ಲದ ಹೊಟ್ಟೆ, ಅದರ ಮೇಲೆ ಬಿಡದ ವ್ಯಾಯಾಮ. ಆಮೇಲೆ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಸೌನಾ, ರಬ್ಬರ್ ಸೂಟ್ ಎಲ್ಲವನ್ನೂ ನಿಷೇಧಿಸಿತು. ಈಗ ಸೀಸನ್ ಶುರುವಾಗುವ ಮೊದಲೇ ಮೂತ್ರ ಪರೀಕ್ಷೆ ಮಾಡಿ ದೇಹದಲ್ಲಿ ನೀರು ಸಾಕಷ್ಟಿದೆಯೇ ಅಂತ ನೋಡುತ್ತಾರೆ, ಕೊಬ್ಬು ಅಳೆಯುತ್ತಾರೆ, ಇದಕ್ಕಿಂತ ಕೆಳಗಿನ ತೂಕದಲ್ಲಿ ನೀನು ಆಡುವಂತಿಲ್ಲ ಅಂತ ಬರೆದುಕೊಡುತ್ತಾರೆ. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಜಾಸ್ತಿ ಇಳಿಸುವಂತಿಲ್ಲ. 70 ಕೆ.ಜಿ. ಹುಡುಗನಿಗೆ ಅದು ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ವಿನೇಶ್ ಫೋಗಟ್ ಪ್ಯಾರಿಸ್ಸಿನಲ್ಲಿ 100 ಗ್ರಾಂನಿಂದ ಫೈನಲ್ ಕಳೆದುಕೊಂಡದ್ದನ್ನು ನೋಡಿ ನಮ್ಮ ಎಷ್ಟೋ ಹುಡುಗರು ಇನ್ನೂ ಜೋರಾಗಿ ಬೆವರಿಳಿಸಬೇಕು ಅಂದುಕೊಂಡಿದ್ದಾರೆ. ನನಗೆ ಅದೇ ಭಯ. ಅವನನ್ನು ಒಂದು ತೂಕ ಮೇಲೆ ಆಡಲು ಬಿಡಿ. ಉಸ್ತಾದರ ಹತ್ತಿರ ನೀವೇ ಹೋಗಿ ಮಾತಾಡಿ, ಅಕ್ಕನಿಗೂ ತಿಳಿಸಿ. ತಲೆ ಸುತ್ತುವುದು, ಮೂತ್ರ ತೀರಾ ಕಡಿಮೆಯಾಗುವುದು ಕಂಡರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಟೂರ್ನಿ ಮುಗಿಯಲಿ ಅಂತ ಕಾಯಬೇಡಿ.

ಪ್ರಶ್ನೆ: ನಾನು ಕುಸ್ತಿ ಕಲಿಯುತ್ತಿದ್ದೇನೆ, ಈಗ 10ನೇ ತರಗತಿ. ಅಲ್ಲಿನ ಕಾಲೇಜುಗಳಲ್ಲಿ ಹುಡುಗಿಯರಿಗೂ ಕುಸ್ತಿ ಇದೆಯಾ? ನಮ್ಮಂಥವರು ಹೋಗಬಹುದಾ? (ವಿದ್ಯಾರ್ಥಿನಿ, ಹಳಿಯಾಳ)

ಉತ್ತರ: ಇದೆ ಪುಟ್ಟಿ, ಈಗ ಜೋರಾಗಿಯೇ ಇದೆ. ದೊಡ್ಡ ಲೀಗ್‌ಗಳ ಕಾಲೇಜುಗಳ ಪೈಕಿ ಮಹಿಳಾ ಕುಸ್ತಿ ತಂಡ ಮೊದಲು ಕಟ್ಟಿದ್ದು ಅಯೋವಾನೇ. 2023-24ರಲ್ಲಿ ಮೊದಲ ಸೀಸನ್, ಮೊದಲ ವರ್ಷವೇ ರಾಷ್ಟ್ರೀಯ ಪ್ರಶಸ್ತಿ. 2025ರ ಜನವರಿಯಲ್ಲಿ ಎನ್‌ಸಿಎಎ ಮಹಿಳಾ ಕುಸ್ತಿಯನ್ನು ತನ್ನ 91ನೇ ಚಾಂಪಿಯನ್‌ಶಿಪ್ ಆಗಿ ಒಪ್ಪಿಕೊಂಡು, ಮೊದಲ ಟೂರ್ನಿಯನ್ನು 2026ಕ್ಕೆ ಗೊತ್ತುಮಾಡಿತು.

ನಿನಗೆ ಅನುಕೂಲವಾದ ವಿಷಯ ಇನ್ನೊಂದಿದೆ. ಅಲ್ಲಿ ಹುಡುಗರು ಆಡುವುದು ಫೋಕ್‌ಸ್ಟೈಲ್, ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಪದ್ಧತಿ ಬದಲಿಸಬೇಕು. ಹುಡುಗಿಯರು ಕಾಲೇಜಿನಲ್ಲೇ ಆಡುವುದು ಫ್ರೀಸ್ಟೈಲ್, ಅಂದರೆ ನೀನು ಮ್ಯಾಟ್ ಮೇಲೆ ಈಗ ಕಲಿಯುತ್ತಿರುವುದೇ. ಹೊರದೇಶದವರನ್ನೂ ತೆಗೆದುಕೊಳ್ಳುತ್ತಾರೆ, ವಿದ್ಯಾರ್ಥಿವೇತನವೂ ಉಂಟು. ಆದರೆ ಬರೀ ಪದಕ ಸಾಲದು, 9ನೇ ತರಗತಿಯಿಂದ 12ರವರೆಗಿನ ಅಂಕಪಟ್ಟಿ ಕೇಳುತ್ತಾರೆ. ಕ್ಯಾಂಪ್ ಇದೆ ಅಂತ ಪರೀಕ್ಷೆ ಬಿಡಬೇಡ. ನಿನ್ನ ಕುಸ್ತಿಗಳ ವಿಡಿಯೋವನ್ನು ಪೂರ್ತಿಯಾಗಿ ಇಟ್ಟುಕೋ, ಸೋತದ್ದನ್ನೂ ಸೇರಿಸಿ. ಕೋಚ್‌ಗಳು ಅದನ್ನೂ ನೋಡುತ್ತಾರೆ.