ಸಚಿವರ ಕಚೇರಿಯ ಕರೆ ಮತ್ತು ಕೈಯಲ್ಲಿರುವ ವರದಿ

ಪ್ರಶ್ನೆ: ನಾನು ದಿನಪತ್ರಿಕೆಯೊಂದರಲ್ಲಿ ಹದಿನೈದು ವರ್ಷಗಳಿಂದ ರಾಜಕೀಯ ಮತ್ತು ಅರ್ಥ ವ್ಯವಹಾರಗಳ ವರದಿಗಾರ್ತಿ. ಸರ್ಕಾರ ತನ್ನ ನಿಗಮಗಳ ಹೆಸರಿನಲ್ಲಿ ಎತ್ತಿರುವ, ಬಜೆಟ್ ಲೆಕ್ಕಕ್ಕೆ ಸೇರದ ಸಾಲದ ಕುರಿತು ಕೆಲವು ತಿಂಗಳಿಂದ ಮಾಹಿತಿ ಕಲೆಹಾಕುತ್ತಿದ್ದೇನೆ. ಈ ನಡುವೆ ಹಣಕಾಸು ಸಚಿವರ ಕಚೇರಿಯಿಂದಲೇ ಮಾಧ್ಯಮ ಸಲಹೆಗಾರ್ತಿಯ ಹುದ್ದೆಗೆ ಆಹ್ವಾನ ಬಂದಿದೆ. ಸಂಬಳ ಈಗಿನದರ ಎರಡರಷ್ಟು. ಪತ್ರಿಕೆಗಳು ಸೊರಗುತ್ತಿರುವಾಗ ಇದನ್ನು ಬಿಡಬಾರದೆಂದು ಪತಿ ಹೇಳುತ್ತಾರೆ. ಎರಡು ವಾರವಾದರೂ ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ. ಒಪ್ಪಿಕೊಂಡರೆ ಮುಂದೆ ಪತ್ರಿಕೋದ್ಯಮಕ್ಕೆ ಮರಳಬಹುದೇ?

ಉತ್ತರ: ನೀವು ಕೇಳಿರುವುದು ಮರಳಿ ಬರುವ ದಾರಿಯ ಬಗ್ಗೆ. ಆದರೆ ಪತ್ರ ಓದುವಾಗ ನನ್ನ ಗಮನ ನಿಂತದ್ದು ಆ ಎರಡು ವಾರಗಳ ಮೇಲೆ. ನಿಮ್ಮನ್ನು ಕರೆದಿರುವ ಸಚಿವಾಲಯದ ವಿರುದ್ಧವೇ ಹೋಗಬಹುದಾದ ವರದಿಯನ್ನು, ಸಂಪಾದಕರಿಗೆ ವಿಷಯ ತಿಳಿಸದೆ, ನೀವು ಮುಂದುವರಿಸುತ್ತಿದ್ದೀರಿ.

ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ವರದಿಯ ಕೆಲಸ ಎಂಥದ್ದೆಂದು ನಿಮಗೆ ಗೊತ್ತು. ನಿಗಮ ಬ್ಯಾಂಕಿನಿಂದ ಸಾಲ ಪಡೆಯುತ್ತದೆ, ಅಸಲು ಬಡ್ಡಿ ಎರಡನ್ನೂ ಸರ್ಕಾರವೇ ತೀರಿಸುತ್ತದೆ, ಆದರೂ ಆ ಮೊತ್ತ ವಿತ್ತೀಯ ಕೊರತೆಯ, ಅಂದರೆ ಸರ್ಕಾರದ ಆದಾಯಕ್ಕೂ ಖರ್ಚಿಗೂ ಇರುವ ಅಂತರದ, ಅಂಕಿಯಲ್ಲಿ ಕಾಣಿಸುವುದಿಲ್ಲ. ಅದನ್ನು ಹೊರತೆಗೆಯಲು ಇಂಥ ಸಾಲಗಳಿಗೆ ಸರ್ಕಾರ ಕೊಟ್ಟ ಖಾತರಿಗಳ ಪಟ್ಟಿಯನ್ನು ನಿಗಮದ ವಾರ್ಷಿಕ ಲೆಕ್ಕದೊಂದಿಗೆ ಸಾಲು ಸಾಲಾಗಿ ತಾಳೆ ನೋಡಬೇಕು. ಅನುದಾನದ ಶೀರ್ಷಿಕೆಯಡಿ ವರ್ಷ ವರ್ಷ ಹೋಗುವ ಹಣ ಸಾಲದ ಕಂತಿಗೆ ಸರಿಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಯಾವ ಅಂಕಿ ಮೊದಲ ಪ್ಯಾರಾಕ್ಕೆ ಬರಬೇಕು, ಸಚಿವಾಲಯದ ಸಮಜಾಯಿಷಿಗೆ ಎಷ್ಟು ಜಾಗ ಕೊಡಬೇಕು ಎಂಬ ನೂರು ಸಣ್ಣ ತೀರ್ಮಾನಗಳು ಅಲ್ಲಿರುತ್ತವೆ. ಹೊಸ ಹುದ್ದೆಯ ಆಸೆ ಅವುಗಳೊಳಗೆ ನಿಮಗೇ ತಿಳಿಯದಂತೆ ನುಸುಳಬಹುದು, ಇಲ್ಲವೇ ಆ ಅಳುಕಿನಿಂದಲೇ ನೀವು ಅಗತ್ಯಕ್ಕಿಂತ ಕಟುವಾಗಬಹುದು. ಆದ್ದರಿಂದ ನಾಳೆಯೇ ಸಂಪಾದಕರಿಗೆ ತಿಳಿಸಿ, ವರದಿಯನ್ನು ನೀವೇ ಮುಗಿಸಬೇಕೋ ಸಹೋದ್ಯೋಗಿಗೆ ಒಪ್ಪಿಸಬೇಕೋ ಎಂಬ ನಿರ್ಧಾರವನ್ನು ಅವರಿಗೇ ಬಿಡಿ.

ಇನ್ನು ಮರಳುವ ಮಾತು. ಹಾಗೆ ಮರಳಿದವರಿದ್ದಾರೆ. ಅರ್ಥ ವ್ಯವಹಾರಗಳ ಪತ್ರಕರ್ತ ಸ್ಯಾಮ್ಯುಯೆಲ್ ಬ್ರಿಟ್ಟನ್ 1960ರ ದಶಕದ ಮಧ್ಯದಲ್ಲಿ ಬ್ರಿಟನ್ ಸರ್ಕಾರದ ಆರ್ಥಿಕ ವ್ಯವಹಾರಗಳ ಇಲಾಖೆಯಲ್ಲಿ ಸ್ವಲ್ಪ ಕಾಲ ಸಲಹೆಗಾರರಾಗಿದ್ದು, 1966ರಲ್ಲಿ ‘ಫೈನಾನ್ಷಿಯಲ್ ಟೈಮ್ಸ್’ಗೆ ಹಿಂತಿರುಗಿ ದಶಕಗಳ ಕಾಲ ಬರೆದರು. ‘ದಿ ಟೈಮ್ಸ್’ನ ಅರ್ಥ ವಿಭಾಗದ ಸಂಪಾದಕ ಪೀಟರ್ ಜೇ 1977ರಲ್ಲಿ ಅಮೆರಿಕಕ್ಕೆ ಬ್ರಿಟನ್ನಿನ ರಾಯಭಾರಿಯಾದಾಗ, ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಅಳಿಯನೆಂಬ ಕಾರಣಕ್ಕೆ ಸ್ವಜನಪಕ್ಷಪಾತದ ಟೀಕೆ ಕೇಳಬೇಕಾಯಿತು, ಆದರೂ ಮುಂದೆ ಬಿಬಿಸಿಯ ಅರ್ಥ ವಿಭಾಗದ ಸಂಪಾದಕರಾದರು. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಇವರಿಬ್ಬರ ಹೆಸರು ಹೇಳಿ ನಿಮಗೆ ಧೈರ್ಯ ತುಂಬಲಾರೆ, ಏಕೆಂದರೆ ನಿಮ್ಮನ್ನು ಕರೆದಿರುವುದು ನೀತಿ ರೂಪಿಸಲಿಕ್ಕಲ್ಲ, ನಿನ್ನೆಯವರೆಗಿನ ಸಹೋದ್ಯೋಗಿಗಳ ಮುಂದೆ ಸಚಿವರನ್ನು ಸಮರ್ಥಿಸಲಿಕ್ಕೆ. ಮರಳಿ ಬಂದು ವಿಶ್ಲೇಷಣೆ ಬರೆಯಬಹುದು. ಅದೇ ಸಚಿವಾಲಯದ ವರದಿಗಾರಿಕೆ ಬಹಳ ವರ್ಷ ಸಾಧ್ಯವಾಗಲಾರದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಿಮ್ಮ ಪತ್ರದಲ್ಲಿ ಇಲ್ಲದ ಒಬ್ಬರ ಸಂಗತಿ. ಇಂಥ ವರದಿಯ ಹಿಂದೆ ಸಾಮಾನ್ಯವಾಗಿ ಕಡತದ ನಕಲು ಕೊಟ್ಟ, ಇಲ್ಲವೇ ಯಾವ ಪುಟ ನೋಡಬೇಕೆಂದು ತೋರಿಸಿಕೊಟ್ಟ ಒಬ್ಬ ಅಧಿಕಾರಿ ಇರುತ್ತಾರೆ. ಅವರು ನಂಬಿದ್ದು ಪತ್ರಕರ್ತೆಯನ್ನು. ಆಕೆ ನಾಳೆ ಸಚಿವರ ಪಕ್ಕದ ಕೋಣೆಯಲ್ಲಿ ಕುಳಿತರೆ, ನೀವು ಬಾಯಿ ಬಿಡದಿದ್ದರೂ ಆ ಮನುಷ್ಯನಿಗೆ ನಿದ್ದೆ ಬರುವುದಿಲ್ಲ.

ಹಾಗಾಗಿ ಈ ಹುದ್ದೆಯನ್ನು ಈಗ ಒಪ್ಪಬೇಡಿ ಎಂಬುದೇ ನನ್ನ ಸಲಹೆ. ವರದಿ ಪ್ರಕಟವಾಗುವವರೆಗೆ ಉತ್ತರಿಸಲಾರೆ ಎಂದು ಸಚಿವರ ಕಚೇರಿಗೆ ಬರಹದಲ್ಲೇ ತಿಳಿಸಿ. ಪತಿಯ ಆತಂಕ ಸುಳ್ಳಲ್ಲ, ಅದನ್ನು ಹಗುರಾಗಿ ಕಾಣಬೇಡಿ. ಬಜೆಟ್ ಓದಬಲ್ಲ ನಿಮ್ಮಂಥವರಿಗೆ ಸಂಶೋಧನಾ ಸಂಸ್ಥೆಗಳಲ್ಲಿ, ಬೋಧನೆಯಲ್ಲಿ ಇರುವ ಅವಕಾಶಗಳನ್ನು ಇಬ್ಬರೂ ಕುಳಿತು ಪರಿಶೀಲಿಸಿ. ಮುಂದೆ ಎಂದಾದರೂ ಸರ್ಕಾರದ ಕೆಲಸಕ್ಕೆ ಹೋಗುವುದೇ ಆದರೆ, ಆ ಅಧಿಕಾರಿಗೆ ಮೊದಲೇ ಸುದ್ದಿ ಮುಟ್ಟಿಸಿ. ಅವರ ಹೆಸರು, ದೂರವಾಣಿ ಸಂಖ್ಯೆ ಇರುವ ಯಾವ ಟಿಪ್ಪಣಿಯೂ ನಿಮ್ಮೊಂದಿಗೆ ಹೊಸ ಕಚೇರಿಗೆ ಹೋಗಕೂಡದು.