ಜೆಲ್ ಹಳೆಯದೇ, ರೋಗಾಣು ಹಳೆಯದಲ್ಲ

ಪ್ರಶ್ನೆ: ನನ್ನ ಹದಿನೆಂಟರ ಮಗಳ ಮೊಡವೆಗೆ ಕಳೆದ ವರ್ಷ ಕ್ಲಿಂಡಾಮೈಸಿನ್ ಜೆಲ್ ಹಚ್ಚಿ ಮುಖ ತಿಳಿಯಾಗಿತ್ತು. ಮೊಡವೆ ಮರುಕಳಿಸಿದಾಗಲೆಲ್ಲ ಹಳೆಯ ಚೀಟಿಯನ್ನೇ ತೋರಿಸಿ ಉಡುಪಿಯ ಮೆಡಿಕಲ್‌ನಿಂದ ಅದನ್ನೇ ತರುತ್ತಿದ್ದೆವು. ಈಗ ಎಳ್ಳಷ್ಟೂ ಗುಣ ಕಾಣುತ್ತಿಲ್ಲ. ಚರ್ಮಕ್ಕೆ ಮದ್ದು ಅಭ್ಯಾಸವಾಗಿದೆ ಎಂದು ನೆರೆಮನೆಯವರೂ, ಬ್ಯಾಕ್ಟೀರಿಯಾದ ಜೀನ್ ಬದಲಾಗಿದೆ ಎಂದು ವೈದ್ಯರೂ ಹೇಳುತ್ತಾರೆ. ಒಂದು ಜೆಲ್ ಜೀನನ್ನೇ ಬದಲಿಸಬಲ್ಲುದೇ?
– ಓರ್ವ ತಾಯಿ, ಕಟಪಾಡಿ

ಉತ್ತರ: ವೈದ್ಯರು ಹೇಳಿದ್ದು ಸರಿ, ಆದರೆ ಬದಲಿಸಿದ್ದು ಜೆಲ್ ಅಲ್ಲ. ಮೊಡವೆಯಲ್ಲಿ ಪಾಲುದಾರನಾದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ನಮ್ಮೆಲ್ಲರ ರೋಮಕೂಪಗಳಲ್ಲಿ ಚರ್ಮದ ಜಿಡ್ಡನ್ನುಂಡು ಬದುಕುತ್ತದೆ. ಕ್ಲಿಂಡಾಮೈಸಿನ್ ಅದರ ಕೋಶದೊಳಗೆ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿಗೆ ಅಂಟಿಕೊಂಡು ಆ ತಯಾರಿಯನ್ನು ನಿಲ್ಲಿಸುತ್ತದೆ. ಅಂಟಿಕೊಳ್ಳುವ ಆ ಜಾಗವನ್ನು ರೂಪಿಸುವುದು ಬ್ಯಾಕ್ಟೀರಿಯಾದ ಜೀನಿನಿಂದ ನಕಲಾಗುವ 23ಎಸ್ ಆರ್‌ಎನ್‌ಎ ಎಂಬ ಸರಪಳಿಯಂಥ ಅಣು. ಸುಮಾರು ಮೂರು ಸಾವಿರ ಅಕ್ಷರಗಳ ಆ ಸರಪಳಿಯಲ್ಲಿ 2058ನೆಯದೆಂದು ಗುರುತಿಸಲಾಗುವ ಅಡೆನಿನ್ ಎಂಬ ಅಕ್ಷರ ಇದ್ದಲ್ಲಿ, ಜೀನಿನಲ್ಲಾದ ಬದಲಾವಣೆಯಿಂದ ಗ್ವಾನಿನ್ ಎಂಬ ಅಕ್ಷರ ಬಂದು ಕುಳಿತರೆ ಸಾಕು, ಮದ್ದಿಗೆ ಹಿಡಿತ ಸಿಗುವುದಿಲ್ಲ. ಎರಿತ್ರೋಮೈಸಿನ್ನೂ ಅದೇ ಜಾಗವನ್ನು ನೆಚ್ಚಿಕೊಂಡಿರುವುದರಿಂದ, ನಿಮ್ಮ ಮಗಳು ಎಂದೂ ಮುಟ್ಟದ ಆ ಮದ್ದೂ ನಿರುಪಯುಕ್ತವಾಗಬಹುದು.

ಇಂಥ ಅಕ್ಷರದೋಷಗಳು ಕೋಶ ಇಬ್ಭಾಗವಾಗುವಾಗ, ಮದ್ದು ಇರಲಿ ಬಿಡಲಿ, ತಾವಾಗಿ ಆಗುತ್ತಿರುತ್ತವೆ. 1952ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದನ್ನು ಒಂದು ತುಂಡು ಮಖಮಲ್ ಬಟ್ಟೆಯಿಂದ ತೋರಿಸಿಕೊಟ್ಟರು: ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬಟ್ಟೆಯನ್ನೊತ್ತಿ, ಅದರ ಅಚ್ಚನ್ನು ಸ್ಟ್ರೆಪ್ಟೋಮೈಸಿನ್ ಬೆರೆಸಿದ ತಟ್ಟೆಗಳಿಗೆ ಇಳಿಸಿದಾಗ ಬದುಕುಳಿದವು ಯಾವುವೋ, ಅವುಗಳ ಒಡಹುಟ್ಟುಗಳು ಮದ್ದನ್ನೇ ಕಾಣದ ಮೂಲ ತಟ್ಟೆಯ ಅದೇ ಸ್ಥಾನದಲ್ಲಿ ಮೊದಲೇ ಇದ್ದವು. ನಿಮ್ಮ ಮಗಳ ಮುಖದಲ್ಲಿ ನಡೆದದ್ದೂ ಇದೇ. ಮದ್ದಿಗೆ ಬಗ್ಗುವವು ಸತ್ತು, ಬಗ್ಗದ ಕೆಲವಕ್ಕೆ ಇಡೀ ಜಾಗ ಬಿಟ್ಟುಕೊಟ್ಟಂತಾಯಿತು. ಹಳೆಯ ಚೀಟಿಯ ಬಗ್ಗೆ ನನ್ನ ಆಕ್ಷೇಪವಿರುವುದು ಇಲ್ಲಿಯೇ, ತಪ್ಪು ತಿಳಿಯಬೇಡಿ.

ಇಂಥ ತಳಿಗಳು ಒಂದೇ ಮನೆಯಲ್ಲಿರುವವರ ಚರ್ಮಕ್ಕೂ ದಾಟುತ್ತವೆ. ಅದಕ್ಕಿಂತ ನನಗೆ ಚಿಂತೆಯೆನಿಸುವುದು ಅದೇ ಚರ್ಮದ ಮೇಲಿರುವ, ಕುರು ಎಬ್ಬಿಸಬಲ್ಲ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಜಾತಿಗಳು. ಅವು ಸ್ವಂತ ಅಕ್ಷರದೋಷಕ್ಕೆ ಕಾಯದೆ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿ ಪ್ರತಿರೋಧದ ಜೀನನ್ನು ಒಂದರಿಂದೊಂದು ಪಡೆಯಬಲ್ಲವು. ಹೀಗೆ ಮೊಡವೆಗೆಂದು ಹಚ್ಚಿದ ಜೆಲ್, ಮುಂದೆಂದೋ ಏಳುವ ಕುರುವಿನ ಚಿಕಿತ್ಸೆಯನ್ನೂ ಕಠಿಣಗೊಳಿಸೀತು.

ಚರ್ಮವೈದ್ಯರನ್ನು ಮತ್ತೊಮ್ಮೆ ಕಾಣಿರಿ. ಕ್ಲಿಂಡಾಮೈಸಿನ್ನನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚುವ ಕ್ರಮವನ್ನು ಈಗ ಒಪ್ಪುವುದಿಲ್ಲ. ಬೆನ್ಜಾಯ್ಲ್ ಪೆರಾಕ್ಸೈಡ್ ಅಥವಾ ಅಡಾಪಲಿನ್ ಅನ್ನು ಅವರು ಸೂಚಿಸಬಹುದು. ಬೆನ್ಜಾಯ್ಲ್ ಪೆರಾಕ್ಸೈಡ್ ರೈಬೋಸೋಮಿನ ಯಾವುದೋ ಒಂದು ಮೂಲೆಯನ್ನು ಅರಸದೆ ಬ್ಯಾಕ್ಟೀರಿಯಾವನ್ನು ಆಮ್ಲಜನಕದಿಂದಲೇ ಸುಡುವುದರಿಂದ, ಒಂದಕ್ಷರ ಬದಲಿಸಿ ಅದರಿಂದ ತಪ್ಪಿಸಿಕೊಳ್ಳಲಾಗದು. ಅದು ಬಟ್ಟೆಯ ಬಣ್ಣವನ್ನೂ ಅಳಿಸಿಬಿಡುತ್ತದೆ. ಮಗಳ ತಲೆದಿಂಬಿಗೆ ಬಿಳಿಯ ಹೊದಿಕೆ ಹಾಕಿಡಿ.